ಸಿಂಕ್ ಕಟ್ಟಿಕೊಂಡರೆ ಮೊದಲು ಬಾಟಲ್ ಟ್ರ್ಯಾಪ್ ನೋಡಿ

ಎಲ್ಲರಿಗೂ ನಮಸ್ಕಾರ. ಈ ವಾರ ಮೂರು ಮನೆಯವರು ಪ್ಲಂಬರ್ ನಂಬರ್ ಕೇಳಿದ್ದೀರಿ. ಕರೆಸುವ ಮೊದಲು ಸಿಂಕ್ ಕೆಳಗಿನ ಬಾಟಲ್ ಟ್ರ್ಯಾಪ್ (ನೀರು ಹೋಗುವ ಪೈಪಿನಲ್ಲಿರುವ ಬಾಟಲಿಯಂಥ ಭಾಗ) ಬಿಚ್ಚಿ ನೋಡಿ. ಅಡಿಯಲ್ಲಿ ಬಕೆಟ್ ಇಟ್ಟು ತಳದ ಕಪ್ ತಿರುಗಿಸಿದರೆ ಸಾಮಾನ್ಯವಾಗಿ ಕೈಯಲ್ಲೇ ಬರುತ್ತೆ. ನಮ್ಮನೇಲಿ ಸಿಕ್ಕಿದ್ದು ಜಿಡ್ಡಿಗೆ ಅಂಟಿದ ಅನ್ನದಗುಳು, ಕರಿಬೇವಿನ ಕಡ್ಡಿ, ಜೊತೆಗೆ ಯುಗಾದಿಯಿಂದ ಹುಡುಕುತ್ತಿದ್ದ ಟೀ ಚಮಚ! ವಾಪಸ್ ಹಾಕುವಾಗ ವಾಷರ್ ಸರಿಯಾಗಿ ಕೂರಿಸಿ, ಇಲ್ಲದಿದ್ರೆ ಸೋರುತ್ತೆ.

ಕುದಿಯುವ ನೀರು ಸುರಿಯಬೇಡಿ. ಪಿವಿಸಿ ಪೈಪ್ 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತೆ. ಕೈಗೆ ತಡೆಯುವಷ್ಟು ಬಿಸಿ ಸಾಕು. ಡ್ರೈನ್ ಕ್ಲೀನರ್ ಪುಡಿ ಆಗಲೇ ಹಾಕಿದ್ದರೆ ಟ್ರ್ಯಾಪ್ ಮುಟ್ಟಬೇಡಿ, ಆ ನೀರು ಚರ್ಮ ಸುಡುತ್ತೆ. ಪ್ಲಂಬರ್ ಬಂದರೆ ಅವರಿಗೂ ಮೊದಲೇ ಹೇಳಿ.

ಟ್ರ್ಯಾಪ್ ಶುಚಿಯಾಗಿದ್ದೂ ನೀರು ನಿಂತರೆ, ಅಥವಾ ಕೆಳಗಿನ ಮನೆಯಲ್ಲೂ ಹಾಗೇ ಆಗಿದ್ದರೆ ಇಲ್ಲೇ ತಿಳಿಸಿ. ಅದು ಕಾಮನ್ ಲೈನ್ (ಎಲ್ಲ ಮನೆಗಳ ನೀರು ಹೋಗುವ ಪೈಪ್) ಕೆಲಸ.