ಹಳೆಯ ಜೀಪು ಕೊಳ್ಳುವವರು ಮೊದಲು ನೋಡಬೇಕಾದ ಸಂಖ್ಯೆ

ಮಾನ್ಯ ಸಂಪಾದಕರೇ,

ಭಾನುವಾರ ಬೆಳಿಗ್ಗೆ ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ರಸ್ತೆಯಲ್ಲೋ ಮಲ್ಪೆಗೆ ಹೋಗುವ ದಾರಿಯಲ್ಲೋ ಸ್ವಲ್ಪ ಹೊತ್ತು ನಿಂತರೆ, ಹೊಸ ಬಣ್ಣ ಬಳಿದುಕೊಂಡ ಹಳೆಯ ಜೀಪು ಒಂದಾದರೂ ಕಣ್ಣಿಗೆ ಬೀಳುತ್ತದೆ. ಹಿಂದೆ ಗುಜರಿಯವರು ತೂಕದ ಲೆಕ್ಕದಲ್ಲಿ ಒಯ್ಯುತ್ತಿದ್ದ ಈ ಗಾಡಿಗಳನ್ನು ಈಗ ಯುವಕರು ಕಾರ್ಕಳ, ಹೆಬ್ರಿ, ಬೆಳ್ತಂಗಡಿ ಕಡೆಯ ತೋಟದ ಮನೆಗಳ ಕೊಟ್ಟಿಗೆಗಳಲ್ಲಿ ಹುಡುಕಿಕೊಂಡು ಬರುತ್ತಿದ್ದಾರೆ. ಇದು ಸಂತೋಷಪಡಬೇಕಾದ ವಿಷಯವೇ. ಆದರೆ ಹೀಗೆ ಬರುವವರಲ್ಲಿ ಹಲವರು ಬಣ್ಣ, ಟೈರು ಮತ್ತು ಇಂಜಿನಿನ ಸದ್ದಿಗೆ ಮನಸೋತು ಮುಂಗಡ ಕೊಡುತ್ತಾರೆಯೇ ಹೊರತು, ಆರ್‌ಸಿ ಪುಸ್ತಕವನ್ನು ಕೈಯಲ್ಲಿ ಹಿಡಿದು ಗಾಡಿಯ ಅಡಿಗೆ ಬಗ್ಗಿ ಚಾಸಿಸ್ಸಿನ (ಬಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟಿನ) ಮೇಲಿನ ಸಂಖ್ಯೆಯನ್ನು ತಾಳೆ ನೋಡುವುದಿಲ್ಲ. 1974ರ ಜೀಪೊಂದನ್ನು ಕೊಂಡು ಎರಡು ಮಳೆಗಾಲಗಳನ್ನು ಅದರ ಹಿಂದೆಯೇ ಕಳೆದ ನಿವೃತ್ತ ಅಧ್ಯಾಪಕನಾದ ನಾನು, ಈ ಕುರಿತು ಕೆಲವು ಮಾತುಗಳನ್ನೂ ಸಾರಿಗೆ ಇಲಾಖೆಗೆ ಒಂದು ಕೋರಿಕೆಯನ್ನೂ ತಮ್ಮ ಪತ್ರಿಕೆಯ ಮೂಲಕ ಮುಂದಿಡಬಯಸುತ್ತೇನೆ.

ಮಾರುವವರ ಬಾಯಲ್ಲಿ ಹಳೆಯ ಜೀಪುಗಳೆಲ್ಲವೂ ‘ಮಹಾಯುದ್ಧದ ಜೀಪು’ಗಳೇ ಆಗಿರುತ್ತವೆ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದ್ದು ನಿಜ. ಆದರೆ ನಮ್ಮ ತೋಟಗಳಲ್ಲಿ ದುಡಿದ ಜೀಪುಗಳು ಬಹುಪಾಲು ಮಹೀಂದ್ರ ಕಂಪನಿಯವು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಆರಂಭವಾದ ಆ ಕಂಪನಿ ಸ್ವಾತಂತ್ರ್ಯದ ಬಳಿಕ ವಿಲ್ಲಿಸ್ ಜೀಪುಗಳನ್ನು ಇಲ್ಲಿಯೇ ಜೋಡಿಸತೊಡಗಿ, ಮುಂದೆ ಸಿಜೆ-3ಬಿ ಮಾದರಿಯನ್ನು ದಶಕಗಟ್ಟಲೆ ತಯಾರಿಸಿತು. ಎರಡರ ವ್ಯತ್ಯಾಸವನ್ನು ತಿಳಿಯಲು ಮೆಕ್ಯಾನಿಕ್ ಬೇಕಾಗಿಲ್ಲ. ಯುದ್ಧದ ಜೀಪಿನ ಮುಂಭಾಗದ ಜಾಲರಿಯಲ್ಲಿ ಒಂಬತ್ತು ಸೀಳುಗಳಿದ್ದರೆ, ನಾಗರಿಕರಿಗಾಗಿ ಮಾಡಿದ ಜೀಪಿನಲ್ಲಿ ಏಳು ಸೀಳುಗಳಿರುತ್ತವೆ. ಯುದ್ಧದ ಜೀಪಿಗೆ ಹಿಂದೆ ತೆರೆಯುವ ಬಾಗಿಲಿಲ್ಲ, ಸ್ಟೆಪ್ನಿಯನ್ನು ಹಿಂಬದಿಗೇ ತಗುಲಿಸಿರುತ್ತಾರೆ. ಸಿಜೆ-3ಬಿಯ ಬೋನೆಟ್ ಎದ್ದು ಕಾಣುವಷ್ಟು ಎತ್ತರವಾಗಿರುವುದಕ್ಕೂ ಕಾರಣವಿದೆ. ಮೊದಲಿನ ಇಂಜಿನಿನಲ್ಲಿ ವಾಲ್ವುಗಳೆಲ್ಲವೂ ಬ್ಲಾಕಿನಲ್ಲೇ ಇದ್ದವು. 1953ರಲ್ಲಿ ಬಂದ ಈ ಮಾದರಿಯಲ್ಲಿ ಗಾಳಿ ಒಳಸೇರುವ ವಾಲ್ವುಗಳನ್ನು ಮೇಲಿನ ಹೆಡ್ಡಿಗೆ ಏರಿಸಿದ್ದರಿಂದ ಅದೇ 2,199 ಸಿಸಿ ಗಾತ್ರದ ಇಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬೋನೆಟ್ಟನ್ನೂ ಎತ್ತರಿಸಬೇಕಾಯಿತು. ಇಷ್ಟನ್ನು ತಿಳಿದುಕೊಂಡು ಹೋದರೆ ಸಿಜೆ-3ಬಿಗೆ ಮಹಾಯುದ್ಧದ ಬೆಲೆ ಕೊಡುವ ಪ್ರಮೇಯ ಬರುವುದಿಲ್ಲ.

ನಾನು ಕೊಂಡದ್ದು ಇಂಥದೇ ಎತ್ತರದ ಬೋನೆಟ್ಟಿನ ಜೀಪನ್ನು. ನೋಡಲು ಹೋದ ದಿನ ಅದು ಹಸಿರು ಬಣ್ಣದಲ್ಲಿ ಮಿರಮಿರ ಮಿಂಚುತ್ತಿತ್ತು. ಬಣ್ಣವೇ ಹೀಗಿದ್ದರೆ ಒಳಗೂ ಹೀಗೆಯೇ ಇದ್ದೀತೆಂದು ಭಾವಿಸಿದ್ದು ನನ್ನ ತಪ್ಪು. ಮನೆಗೆ ತಂದ ಮೇಲೆ ನೋಡಲು ಬಂದ ಹಿರಿಯ ಮೆಕ್ಯಾನಿಕ್, ಬೋನೆಟ್ ಎತ್ತುವ ಗೋಜಿಗೇ ಹೋಗದೆ ಅಂಗಳದಲ್ಲಿ ಅಂಗಾತ ಮಲಗಿ, ಸ್ಕ್ರೂಡ್ರೈವರಿನ ಹಿಡಿಯಿಂದ ಗಾಡಿಯ ಅಡಿಯನ್ನು ಮುಂದಿನಿಂದ ಹಿಂದಿನವರೆಗೆ ತಟ್ಟುತ್ತಾ ಹೋದರು. ಚಾಲಕನ ಸೀಟಿನವರೆಗೆ ಠಣ್ ಠಣ್ ಎಂದು ಕೇಳುತ್ತಿದ್ದ ಸದ್ದು ಅಲ್ಲಿಂದಾಚೆಗೆ ಒದ್ದೆ ಮಣ್ಣಿಗೆ ಹೊಡೆದಂತೆ ದಬ್ ದಬ್ ಎನ್ನತೊಡಗಿತು. ಅವರು ಸ್ಕ್ರೂಡ್ರೈವರನ್ನು ತಿರುಗಿಸಿ ತುದಿಯಿಂದ ಒತ್ತಿದಾಗ ಅದು ಫ್ಲೋರನ್ನು ತೂರಿಕೊಂಡು ಮೇಲೆ ಬಂದಿತು. ಬಣ್ಣದ ಕೆಳಗೆ ಮೆತ್ತಿದ್ದ ಬೆರಳ ದಪ್ಪದ ಪುಟ್ಟಿಯ (ಗುಂಡಿ ತುಂಬುವ ಲೇಪದ) ಒಳಗೆ ತೂತು ಮುಚ್ಚಲೆಂದು ತುರುಕಿದ್ದ ಮಡಚಿದ ವೃತ್ತಪತ್ರಿಕೆಯೂ ಸಿಕ್ಕಿತು (ಯಾವ ಪತ್ರಿಕೆಯೆಂದು ತಿಳಿಯುವಷ್ಟು ಅಕ್ಷರ ಉಳಿದಿರಲಿಲ್ಲ, ತಮ್ಮದಲ್ಲವೆಂದೇ ನಂಬುತ್ತೇನೆ). “ಮಾಷ್ಟ್ರೇ, ನೀವು ಕೊಂಡದ್ದು ಜೀಪಲ್ಲ, ಪುಟ್ಟಿ” ಎಂದು ಅವರು ಅಡಿಯಿಂದಲೇ ಹೇಳಿದರು.

ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ, ಸಮುದ್ರದ ಉಪ್ಪುಗಾಳಿ ಬೀಸುವ ನಮ್ಮ ಜಿಲ್ಲೆಯಲ್ಲಿ ಕಬ್ಬಿಣ ಹೊರಗಿನಿಂದ ಮಾತ್ರ ತುಕ್ಕು ಹಿಡಿಯುವುದಿಲ್ಲ. ತೋಟದ ಕೆಸರು ಚಾಸಿಸ್ಸಿನ ಮೂಲೆಗಳಲ್ಲಿ, ಸ್ಪ್ರಿಂಗ್ ಪ್ಲೇಟ್‌ಗಳನ್ನು ತೂಗುಹಾಕಿದ ಜಾಗದಲ್ಲಿ, ಹಿಂದಿನ ಅಡ್ಡಪಟ್ಟಿಯ ಒಳಗೆ ಸೇರಿಕೊಂಡು ಬೇಸಿಗೆಯಲ್ಲೂ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಂದೊಮ್ಮೆ ಮೀನು ಸಾಗಿಸಿದ ಗಾಡಿಯಾಗಿದ್ದರಂತೂ ಮಂಜುಗಡ್ಡೆಯ ಉಪ್ಪುನೀರು ಇಳಿದ ಜಾಗವೆಲ್ಲ ಹೋಯಿತೆಂದೇ ತಿಳಿಯಬೇಕು. ಜೀಪು ಕೊಂಡ ಮರುವಾರವೇ ಅಲೆಗಳ ನಡುವೆ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವ ಹುಡುಗರನ್ನು ಕಂಡಾಗ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಆ ಕಬ್ಬಿಣದ ಮೇಲೆ ಮರುಕ ಹುಟ್ಟುತ್ತದೆ. ನನ್ನ ಜೀಪಿನ ಬಾಡಿಯನ್ನು ಚಾಸಿಸ್ಸಿನಿಂದ ಪೂರ್ತಿ ಎತ್ತಿ, ಕೊಳೆತ ಫ್ಲೋರನ್ನು ಕತ್ತರಿಸಿ ಹೊಸ ತಗಡು ಕೂರಿಸಿ, ಹಿಂದಿನ ಅಡ್ಡಪಟ್ಟಿಯನ್ನು ಬದಲಿಸಿ, ರೆಡ್ ಆಕ್ಸೈಡ್ ಹೊಡೆಯುವಷ್ಟರಲ್ಲಿ ಗಾಡಿಗೆ ಕೊಟ್ಟ ಬೆಲೆಯನ್ನು ಟಿಂಕರ್ ಕೆಲಸದ ಖರ್ಚು ಮೀರಿಸಿತ್ತು.

ಈ ಕೆಲಸದ ನಡುವೆ ಆ ಮೆಕ್ಯಾನಿಕ್ ಹೇಳಿಕೊಟ್ಟ ಒಂದು ವಿಷಯವನ್ನು ಎಲ್ಲರಿಗೂ ತಿಳಿಸಬೇಕಾಗಿದೆ. ಚಾಸಿಸ್ಸನ್ನು ಸ್ವಚ್ಛಗೊಳಿಸಲು ಈಗ ಮರಳಿನ ಬ್ಲಾಸ್ಟಿಂಗ್ (ರಭಸದ ಗಾಳಿಯಲ್ಲಿ ಮರಳು ಹಾಯಿಸಿ ತುಕ್ಕು ಕೆರೆಯುವುದು) ಮಾಡಿಸುವುದು ರೂಢಿಯಾಗಿದೆ. ಐವತ್ತು ವರ್ಷದ ತುಕ್ಕಿನ ನಡುವೆ ಅಷ್ಟಿಷ್ಟು ಉಳಿದಿರುವ ಚಾಸಿಸ್ ಸಂಖ್ಯೆಯ ಮೇಲೆ ಆ ಮರಳು ಒಮ್ಮೆ ಹಾದರೆ ಅಂಕಿಗಳು ಅಳಿಸಿಹೋಗುತ್ತವೆ, ಗ್ರೈಂಡರ್ ಹಿಡಿದರೂ ಅದೇ ಗತಿ. ಸಂಖ್ಯೆ ಅಳಿದ ಗಾಡಿಯನ್ನು ಕದ್ದ ಗಾಡಿಯೆಂದು ಯಾರಾದರೂ ಸಂಶಯಿಸಿದರೆ ಉತ್ತರ ಕೊಡುವುದು ಕಷ್ಟ. ಹಾಗಾಗಿ ಕೆಲಸ ಆರಂಭಿಸುವ ಮೊದಲೇ ಸಂಖ್ಯೆಯ ಜಾಗವನ್ನು ಸೀಮೆಎಣ್ಣೆಯ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಅದರ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡು, ಅನಂತರ ಅಲ್ಲಿಗೆ ಗ್ರೀಸ್ ಬಳಿದು ದಪ್ಪ ಬಟ್ಟೆ ಸುತ್ತಬೇಕು. ಡ್ಯಾಶ್‌ಬೋರ್ಡಿನ ಬಳಿ ರಿವೆಟ್ ಹೊಡೆದ ತಗಡಿನ ಫಲಕವನ್ನು ಮಾತ್ರ ನೋಡಿ ಸಮಾಧಾನಪಡಬಾರದು. ಆ ಫಲಕವನ್ನು ಒಂದು ಗಾಡಿಯಿಂದ ಕಿತ್ತು ಇನ್ನೊಂದಕ್ಕೆ ಹೊಡೆಯಲು ಹತ್ತು ನಿಮಿಷವೂ ಬೇಡ.

ಇಂಜಿನಿನ ವಿಷಯದಲ್ಲಿ ನನಗೆ ಅದೃಷ್ಟವಿತ್ತು. ಡೀಸೆಲ್ ಅಗ್ಗವಾಗಿದ್ದ ಕಾಲದಲ್ಲಿ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಇಂಜಿನ್ ಕೂರಿಸಿ, ಆರ್‌ಸಿಯಲ್ಲಿ ‘ಪೆಟ್ರೋಲ್’ ಎಂದೇ ಉಳಿಸಿಕೊಂಡವರು ಎಷ್ಟೋ ಮಂದಿ. ನನ್ನ ಜೀಪಿನಲ್ಲೂ ಹಾಗೆಯೇ ಆಗಿತ್ತು. ಮೂಲ ಇಂಜಿನ್ ಏನಾಯಿತೆಂದು ಹಿಂದಿನ ಮಾಲಕರ ಮನೆಯಲ್ಲಿ ವಿಚಾರಿಸಿದಾಗ, ಮನೆಯ ಹಿರಿಯ ಅಮ್ಮ “ದನದ ಕೊಟ್ಟಿಗೆಯ ಹಿಂದೆ ಏನೋ ಕಬ್ಬಿಣ ಉಂಟು, ನೋಡಿ” ಎಂದರು. ಅಡಿಕೆ ಸಿಪ್ಪೆಯ ರಾಶಿಯನ್ನು ಸರಿಸಿದಾಗ ಇಂಜಿನ್ ಬ್ಲಾಕ್ ಸಿಕ್ಕಿತು, ಅದರ ಸಂಖ್ಯೆ ಆರ್‌ಸಿ ಪುಸ್ತಕದ ಸಂಖ್ಯೆಗೆ ಅಂಕಿ ಬಿಡದೆ ತಾಳೆಯಾಯಿತು. ಸವೆದ ಸಿಲಿಂಡರುಗಳನ್ನು ಕೊರೆಸಿ (ಬೋರಿಂಗ್), ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕಿಸಿ ಅದನ್ನೇ ಮರಳಿ ಕೂರಿಸಿದೆವು. ಹೀಗೆ ಎಲ್ಲರಿಗೂ ಸಿಗಲಿಕ್ಕಿಲ್ಲ. ಆದರೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ, ಇಂಜಿನ್ ಬದಲಿಸುವುದಾದರೆ ನೋಂದಣಿ ಪ್ರಾಧಿಕಾರದ ಅನುಮತಿ ಬೇಕು. ಈ ಕಲಮಿನ ಅರ್ಥವನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇನ್ನಷ್ಟು ಖಚಿತಪಡಿಸಿದೆ. ಚಾಸಿಸ್ ಉದ್ದ ಮಾಡಿಸಿ, ಬೇರೆ ಗಾಡಿಯ ಆಕ್ಸಲ್ ಕೂರಿಸಿ, ಅದನ್ನು ‘ರಿಸ್ಟೊರೇಷನ್’ ಎಂದು ಕರೆಯುವವರು ಇದನ್ನೊಮ್ಮೆ ಓದಿಕೊಳ್ಳಬೇಕು. ಅವರು ಮಾಡುತ್ತಿರುವುದು ಹಳೆಯ ಗಾಡಿಯ ಹೆಸರಿನಲ್ಲಿ ಹೊಸದೊಂದು ಗಾಡಿಯನ್ನು ಎಂಬುದು ನನ್ನ ಅಭಿಪ್ರಾಯ.

ಬ್ರೇಕಿನ ಬಗ್ಗೆ ಒಂದು ಮಾತು. ಆ ಕಾಲದ ಜೀಪಿನಲ್ಲಿ ನಾಲ್ಕೂ ಚಕ್ರಗಳಿಗೆ ಸೇರಿ ಬ್ರೇಕ್ ಆಯಿಲಿನ ಒಂದೇ ವ್ಯವಸ್ಥೆ ಇರುವುದರಿಂದ ಎಲ್ಲಿ ಸೋರಿದರೂ ನಾಲ್ಕೂ ಚಕ್ರಗಳ ಬ್ರೇಕ್ ಹೋಗುತ್ತದೆ. ಬಣ್ಣಕ್ಕೆ ಮೊದಲು ಮಾಸ್ಟರ್ ಸಿಲಿಂಡರ್, ಪೈಪು, ಹೋಸ್‌ಗಳನ್ನು ಬದಲಿಸದೆ ಅಂಥ ಗಾಡಿಯನ್ನು ಆಗುಂಬೆ ಘಾಟಿಯ ತಿರುವುಗಳಲ್ಲಿ ಇಳಿಸುವ ಸಾಹಸವನ್ನು ಯಾರೂ ಮಾಡಬಾರದು.

ಇಷ್ಟೆಲ್ಲ ಮುಗಿಸಿದ ನನ್ನ ಜೀಪು ಇಂದಿಗೂ ಅಂಗಳ ಬಿಟ್ಟು ರಸ್ತೆಗೆ ಇಳಿದಿಲ್ಲ. ಅದು ಮೊದಲು ನೋಂದಣಿಯಾದದ್ದು ಘಟ್ಟದ ಮೇಲಿನ ಒಂದು ಕಚೇರಿಯಲ್ಲಿ. ಕೈಬರಹದ ಆರ್‌ಸಿ ಪುಸ್ತಕದಲ್ಲಿಯೂ ಕಬ್ಬಿಣದ ಮೇಲೂ ‘3’ ಎಂದಿರುವ ಚಾಸಿಸ್ ಸಂಖ್ಯೆಯ ಒಂದು ಅಂಕಿ, ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವಾಗ ‘8’ ಆಗಿಬಿಟ್ಟಿದೆ. ಬರೆದವರ ಮೂರರ ಬಾಲ ತುಸು ಹೆಚ್ಚು ಸುರುಳಿಯಾಗಿತ್ತು, ತಪ್ಪು ಇಷ್ಟೇ. ಇದನ್ನು ತಿದ್ದದೆ ಹೆಸರು ವರ್ಗಾವಣೆ ಆಗುವುದಿಲ್ಲ, ತಿದ್ದಬೇಕಾದರೆ ಮೂಲ ರಿಜಿಸ್ಟರ್ ನೋಡಬೇಕು, ಆ ರಿಜಿಸ್ಟರ್ ಎಲ್ಲಿದೆಯೆಂದು ಹೇಳುವವರು ಸಿಗುತ್ತಿಲ್ಲ. ಐದು ಬಾರಿ ಘಟ್ಟ ಹತ್ತಿಳಿದಿದ್ದೇನೆ. ಅಲ್ಲಿನ ಸಿಬ್ಬಂದಿಯನ್ನು ನಾನು ದೂರುವುದಿಲ್ಲ. ಒಬ್ಬ ಗುಮಾಸ್ತರು ಊಟದ ಹೊತ್ತು ಮೀರಿದರೂ ನನಗಾಗಿ ಎರಡು ಕಪಾಟುಗಳನ್ನು ಜಾಲಾಡಿದರು. ಆದರೆ ಗಾಡಿಯನ್ನೇ ಕಣ್ಣಾರೆ ನೋಡಿ ‘ಇದು ಮೂರು’ ಎಂದು ಬರೆದುಕೊಡುವ ಅಧಿಕಾರ ತನಗಿದೆಯೆಂದು ಹೇಳುವವರು ಯಾವ ಮೇಜಿನಲ್ಲೂ ಕಾಣಸಿಗಲಿಲ್ಲ.

ಐವತ್ತು ವರ್ಷ ದಾಟಿದ ಗಾಡಿಗಳಿಗೆ ಸರ್ಕಾರ ದಾರಿಯನ್ನೇ ಮಾಡಿಲ್ಲವೆಂದು ಹೇಳಲಾಗದು. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ತಂದ ವಿಂಟೇಜ್ ವಾಹನ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿಸ್, ಬಾಡಿ, ಇಂಜಿನುಗಳಲ್ಲಿ ಹೆಚ್ಚಿನ ಬದಲಾವಣೆಯಿಲ್ಲದೆ ಮೂಲರೂಪದಲ್ಲಿ ಉಳಿದಿರುವ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಮುಂತಾದವುಗಳಿಗಷ್ಟೇ ರಸ್ತೆಗೆ ತರಬಹುದು, ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪಟ್ಟಣದ ಗ್ಯಾರೇಜಿನಲ್ಲಿ ಮುಚ್ಚಿಡುವ ದುಬಾರಿ ಕಾರುಗಳಿಗೆ ಇದು ಸರಿಹೊಂದೀತು. ತೋಟಕ್ಕೆ ಗೊಬ್ಬರದ ಚೀಲ ಒಯ್ಯಬೇಕೆಂದೇ ಜೀಪನ್ನು ಸರಿಮಾಡಿಸಿಕೊಂಡ ನನ್ನಂಥವರಿಗೆ ಸರಿಹೊಂದುವುದಿಲ್ಲ. ನಮಗಿರುವುದು ಐದೈದು ವರ್ಷಕ್ಕೆ ನವೀಕರಿಸುವ ಮಾಮೂಲು ನೋಂದಣಿಯೇ. ಅದರ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ ಕಾರು, ಜೀಪುಗಳಿಗೆ 600 ರೂಪಾಯಿಯಿಂದ 5,000 ರೂಪಾಯಿಗೂ, 2025ರಲ್ಲಿ 20 ವರ್ಷ ಮೀರಿದವುಗಳಿಗೆ 10,000 ರೂಪಾಯಿಗೂ ಏರಿಸಲಾಗಿದೆ. ಹಳೆಯ ಗಾಡಿಯ ಹೊಗೆಯನ್ನು ಬಲ್ಲ ನಾನು ಈ ಏರಿಕೆಯ ವಿರುದ್ಧ ವಾದಿಸುವುದಿಲ್ಲ. ಅಷ್ಟು ಹಣ ಕಟ್ಟಲು ಸಿದ್ಧವಿರುವವರಿಗೆ ಕಟ್ಟುವ ದಾರಿಯಾದರೂ ತೆರೆದಿರಬೇಕೆಂಬುದಷ್ಟೇ ನನ್ನ ತಕರಾರು.

ಆದುದರಿಂದ ಸಾರಿಗೆ ಇಲಾಖೆಯಲ್ಲಿ ನನ್ನ ಕೋರಿಕೆ ಇದು. ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ವರ್ಷಕ್ಕೊಮ್ಮೆಯಾದರೂ, ಮಳೆಗಾಲ ಮುಗಿದ ಮೇಲೆ, ಹಳೆಯ ವಾಹನಗಳ ದಾಖಲೆ ಸರಿಪಡಿಸಲೆಂದೇ ಒಂದು ದಿನವನ್ನು ಗೊತ್ತುಮಾಡಬೇಕು. ಮಾಲಕರು ಗಾಡಿಯನ್ನೂ ಕೈಬರಹದ ಆರ್‌ಸಿ ಪುಸ್ತಕವನ್ನೂ ತಂದರೆ, ಮೋಟಾರು ವಾಹನ ನಿರೀಕ್ಷಕರು ಚಾಸಿಸ್ ಮತ್ತು ಇಂಜಿನ್ ಸಂಖ್ಯೆಗಳನ್ನು ಖುದ್ದಾಗಿ ಪರಿಶೀಲಿಸಿ, ಕಳವಿನ ದೂರು ಇದೆಯೇ ಎಂಬುದನ್ನು ಪೊಲೀಸ್ ದಾಖಲೆಗಳಲ್ಲಿ ನೋಡಿ, ಕಂಪ್ಯೂಟರಿನಲ್ಲಿರುವ ತಪ್ಪನ್ನು ಅಲ್ಲಿಯೇ ತಿದ್ದುವ ಅಧಿಕಾರ ಹೊಂದಿರಬೇಕು. ಬೇರೆ ಜಿಲ್ಲೆಯಲ್ಲಿ ನೋಂದಣಿಯಾದ ಗಾಡಿಯಾದರೆ ಆ ಕಚೇರಿಯೊಂದಿಗಿನ ಪತ್ರವ್ಯವಹಾರವನ್ನು ಮಾಲಕರ ತಲೆಗೆ ಕಟ್ಟದೆ ಇಲಾಖೆಯೇ ನಡೆಸಬೇಕು. ಸುಳ್ಳು ಸಂಖ್ಯೆಯ ಗಾಡಿಗಳೂ ಅದೇ ದಿನ ಬೆಳಕಿಗೆ ಬಂದಾವು, ಅವುಗಳ ಮೇಲೆ ಕ್ರಮ ಕೈಗೊಳ್ಳಲಿ.

ನನ್ನ ಜೀಪಿನ ಚಾಸಿಸ್ ಸಂಖ್ಯೆಯ ಪೆನ್ಸಿಲ್ ಅಚ್ಚಿನ ಆರು ಪ್ರತಿಗಳು ಕಡತದಲ್ಲಿ ಭದ್ರವಾಗಿವೆ. ಇಲಾಖೆ ಯಾವ ದಿನ ಕರೆದರೂ, ಏಳನೆಯದನ್ನು ಅಧಿಕಾರಿಗಳ ಕಣ್ಣೆದುರಿಗೇ ಗಾಡಿಯಿಂದ ತೆಗೆದುಕೊಡಲು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅಧ್ಯಾಪಕ, ಉಡುಪಿ ಜಿಲ್ಲೆ