ಕ್ರಾಂತಿಯ ಕೊಲೆಗಳ ಕಾರಣ ಹುಡುಕುವ ಗೆಳೆಯರಿಗೆ

ಶಿರಸಿ

ಪ್ರಿಯ ಮಿತ್ರರೇ,

ಫ್ರಾನ್ಸಿನ ಮಹಾಕ್ರಾಂತಿಯ ಹಿಂಸೆಯನ್ನು ಕುರಿತು ನೀವು ಅಂಕೋಲೆಯಿಂದ ಕಳುಹಿಸಿದ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಭಾಷೆ ಚೆನ್ನಾಗಿದೆ, ನನ್ನ ತಕರಾರು ಇರುವುದು ಕಾರಣಗಳ ಬಗ್ಗೆ. ಹಸಿವು, ದಾರ್ಶನಿಕ ರೂಸೋನ ವಿಚಾರ, ಕ್ರಾಂತಿಯ ನಾಯಕ ರೋಬೆಸ್‌ಪಿಯರ್‌ನ ಸ್ವಭಾವ ಎಂದು ಮೂರು ಕಾರಣ ಕೊಟ್ಟಿದ್ದೀರಿ. ಮೂರೂ ಸುಳ್ಳಲ್ಲ. ಆದರೆ ಅವು ಇಡೀ ದೇಶದ ಮೇಲೆ ಕವಿದಿದ್ದವು, ಕೊಲೆಗಳು ಮಾತ್ರ ಇಡೀ ದೇಶದಲ್ಲಿ ಒಂದೇ ಪ್ರಮಾಣದಲ್ಲಿ ನಡೆಯಲಿಲ್ಲ. 1793–94ರಲ್ಲಿ ವಿಚಾರಣೆಯ ಶಾಸ್ತ್ರ ಮುಗಿಸಿ ಮರಣದಂಡನೆಗೆ ಗುರಿಯಾದವರು ಸುಮಾರು 17,000 ಮಂದಿ. ಅದರಲ್ಲಿ ಪ್ಯಾರಿಸ್ಸಿನ ಪಾಲು 2,600ರ ಆಸುಪಾಸು. ಅರ್ಧಕ್ಕೂ ಹೆಚ್ಚು ಜನ ಸತ್ತದ್ದು ವಾಂದೇ ಪ್ರಾಂತ್ಯ ಕ್ರಾಂತಿ ಸರ್ಕಾರದ ವಿರುದ್ಧ ದಂಗೆಯೆದ್ದ ಪಶ್ಚಿಮ ಫ್ರಾನ್ಸಿನಲ್ಲಿ. ಅದೇ ಕಾನೂನು, ಅದೇ ಘೋಷಣೆ ಇದ್ದ ಎಷ್ಟೋ ಜಿಲ್ಲೆಗಳಲ್ಲಿ ಹತ್ತು ಜನರಿಗೂ ಮರಣದಂಡನೆಯಾಗಲಿಲ್ಲ. ಈ ವ್ಯತ್ಯಾಸಕ್ಕೆ ಉತ್ತರಿಸದ ಕಾರಣ ಎಷ್ಟೇ ಘನವಾಗಿ ಕಂಡರೂ ಅರೆಬರೆಯೇ.

1792ರ ಸೆಪ್ಟೆಂಬರಿನ ಸೆರೆಮನೆ ಹತ್ಯೆಗಳನ್ನು ನೀವು ಒಂದು ಪ್ಯಾರಾದಲ್ಲಿ ದಾಟಿಬಿಟ್ಟಿದ್ದೀರಿ; ನಿಲ್ಲಬೇಕಾದದ್ದೇ ಅಲ್ಲಿ. ಗಡಿಯ ಕಡೆಯ ವೆರ್ದೂನ್ ಕೋಟೆ ಶತ್ರುವಾದ ಪ್ರಶ್ಯದ ಸೇನೆಯ ವಶವಾಗುತ್ತಿದೆ, ಪ್ಯಾರಿಸ್ಸಿನ ದಾರಿ ತೆರೆದಂತಾಯಿತು ಎಂಬ ಸುದ್ದಿ ಬಂದಿತ್ತು. ಗಂಡಸರೆಲ್ಲ ಯುದ್ಧಕ್ಕೆ ಹೊರಟ ಮೇಲೆ ಕೈದಿಗಳು ಹೊರಬಿದ್ದು ಅವರ ಹೆಂಡಿರು ಮಕ್ಕಳನ್ನು ಕಡಿಯುತ್ತಾರೆ ಎಂಬ ಗಾಳಿಮಾತು ಊರೆಲ್ಲ ಹಬ್ಬಿತ್ತು. ಅರಸೊತ್ತಿಗೆ ಆಗಸ್ಟಿನಲ್ಲೇ ಕುಸಿದಿತ್ತು, ಹೊಸ ನ್ಯಾಯಾಲಯದ ಮೇಲೆ ಯಾರಿಗೂ ಭರವಸೆ ಹುಟ್ಟಿರಲಿಲ್ಲ. ಪ್ಯಾರಿಸ್ಸಿನ ಆಬೇ ಸೆರೆಮನೆಯಲ್ಲಿ ಮಯಾರ್ ಎಂಬಾತ ಮೇಜಿನ ಮುಂದೆ ಕೈದಿಗಳ ರಿಜಿಸ್ಟರ್ ತೆರೆದು ಕುಳಿತು ಒಬ್ಬೊಬ್ಬರನ್ನೇ ಕರೆಸಿದ. ತಪ್ಪಿತಸ್ಥನೆಂದು ಬಗೆದವನಿಗೆ ಮರಣದಂಡನೆ ಎಂದು ಹೇಳುತ್ತಿರಲಿಲ್ಲ. ಇನ್ನೊಂದು ಸೆರೆಮನೆಗೆ ಒಯ್ಯಿರಿ ಎನ್ನುತ್ತಿದ್ದರು. ಅವನು ಬಾಗಿಲು ದಾಟಿದರೆ ಹೊರಗೆ ಈಟಿ, ಕತ್ತಿ ಹಿಡಿದವರು ಕಾದಿರುತ್ತಿದ್ದರು. ಬಿಡುಗಡೆಯಾದವನನ್ನಾದರೋ ಅದೇ ಜನ ಅಪ್ಪಿಕೊಂಡು ಜಯಕಾರ ಹಾಕುತ್ತಿದ್ದರು. ಆ ದಿನಗಳಲ್ಲಿ ಪ್ಯಾರಿಸ್ಸಿನಲ್ಲಿ ಸತ್ತ ಸಾವಿರಕ್ಕೂ ಮಿಕ್ಕಿದ ಜನರಲ್ಲಿ ಬಹುಪಾಲು ರಾಜಕೀಯ ಕೈದಿಗಳೇ ಅಲ್ಲ, ಕಳ್ಳತನ, ಖೋಟಾ ನೋಟಿನಂಥ ಆರೋಪಗಳ ಮೇಲೆ ಒಳಗಿದ್ದವರು. ‘ಜನರ ಆಕ್ರೋಶ ಕಟ್ಟೆಯೊಡೆಯಿತು’ ಎಂದು ನೀವು ಪುಟಪುಟಕ್ಕೂ ಬರೆಯುತ್ತೀರಿ. ಕಟ್ಟೆಯೊಡೆದ ಆಕ್ರೋಶ ರಿಜಿಸ್ಟರ್ ನೋಡಿ ಹೆಸರು ಕೂಗುವುದಿಲ್ಲ.

ಹಾಗೆಂದು ಎಲ್ಲವನ್ನೂ ಯುದ್ಧಭಯದ ತಲೆಗೆ ಕಟ್ಟುವಂತೆಯೂ ಇಲ್ಲ. 1794ರ ಜೂನ್ 10ರ ಕಾನೂನು ಆರೋಪಿಯ ಪರ ವಕೀಲರನ್ನೇ ತೆಗೆದುಹಾಕಿತು. ಅದೇ ತಿಂಗಳ 26ರಂದು ಫ್ರೆಂಚ್ ಸೇನೆ ಫ್ಲೂರಸ್ ಕದನದಲ್ಲಿ ಗೆದ್ದು ಗಡಿಯ ಅಪಾಯ ತಗ್ಗಿದ ಮೇಲೂ ಪ್ಯಾರಿಸ್ಸಿನ ಗಿಲೋಟಿನ್ ನಿಲ್ಲಲಿಲ್ಲ. ಆ ಕಾನೂನು ಬಂದಂದಿನಿಂದ ಜುಲೈ ಕೊನೆಯೊಳಗೆ 1,300ಕ್ಕೂ ಹೆಚ್ಚು ತಲೆಗಳು ಉರುಳಿದವು. ಭಯದ ಹೊತ್ತಿನಲ್ಲಿ ಕಟ್ಟಿದ ಸಮಿತಿ, ನ್ಯಾಯಮಂಡಳಿ, ಚಾಡಿಯ ಏರ್ಪಾಟುಗಳು ಭಯ ತಗ್ಗಿದ ಮೇಲೂ ಕೆಲಸ ಕೇಳುತ್ತವೆ. ಸಾಕುಮಾಡೋಣ ಎಂದವನೇ ಶಂಕಿತನಾಗುತ್ತಾನೆ. ಕರುಣೆಯ ಮಾತೆತ್ತಿದ ಪತ್ರಕರ್ತ ಕಮೀಲ್ ದೆಮುಲಾಂ, ಕ್ರಾಂತಿಯ ಇನ್ನೊಬ್ಬ ನಾಯಕ ಡಾಂಟನ್ನನ ಜೊತೆಯಲ್ಲೇ ಆ ಏಪ್ರಿಲಿನಲ್ಲಿ ಗಿಲೋಟಿನ್ನಿಗೆ ಬಲಿಯಾದದ್ದನ್ನು ಉಳಿದವರೆಲ್ಲ ಕಂಡಿದ್ದರು. ಸಿದ್ಧಾಂತದ ಪಾತ್ರ, ನನ್ನ ಮಟ್ಟಿಗೆ, ಕೊಲ್ಲಬೇಕಾದವರ ಪಟ್ಟಿಯಲ್ಲಿ ಯಾರ ಹೆಸರು ಇರಬೇಕೆಂದು ಹೇಳುವುದರಲ್ಲಿದೆ. ಪಟ್ಟಿ ಹುಟ್ಟುವುದು ಬೇರೆ ಕಡೆ.

ನಮ್ಮ ಜಿಲ್ಲೆಯ ಕರನಿರಾಕರಣೆಯೊಡನೆ ಹೋಲಿಸಿ ‘ನಮ್ಮ ಜನ ಸಾತ್ವಿಕರು’ ಎಂದು ಬರೆದ ಸಾಲನ್ನು ದಯವಿಟ್ಟು ಹೊಡೆದುಹಾಕಿ. ಓದಲು ಹಿತವಾಗಿದೆ, ಅಷ್ಟೆ. 1930ರ ದಶಕದ ಮೊದಲ ವರ್ಷಗಳಲ್ಲಿ ಅಂಕೋಲಾ, ಸಿದ್ದಾಪುರಗಳ ರೈತರ ಗದ್ದೆ ತೋಟಗಳನ್ನು ಸರ್ಕಾರ ಮುಟ್ಟುಗೋಲು ಹಾಕಿ ಹರಾಜು ಮಾಡಿದಾಗ, ಕೊಂಡವರಲ್ಲಿ ಸುತ್ತಲಿನವರೂ ಇದ್ದರು. ದ್ವೇಷಕ್ಕೆ ಬೇಕಾದದ್ದೆಲ್ಲ ಅಲ್ಲಿತ್ತು. ಆದರೆ ಸಿಟ್ಟು ಎಲ್ಲಿಗೆ ಹೋಗಬೇಕೆಂದು ಹೇಳುವ ಸಂಘಟನೆಯೂ ಇತ್ತು: ಸಿದ್ದಾಪುರದ ಕಡೆ ಹೆಂಗಸರು ಹರಾಜಿನಲ್ಲಿ ಆಸ್ತಿ ಕೊಂಡವರ ಮನೆಬಾಗಿಲಲ್ಲಿ ಉಪವಾಸ ಕುಳಿತರು. ಎದುರಿಗಿದ್ದ ಬ್ರಿಟಿಷ್ ಆಡಳಿತ ಎಷ್ಟೇ ಕ್ರೂರವಾಗಿದ್ದರೂ ಕುಸಿದಿರಲಿಲ್ಲ. ನಾಳೆ ಅಧಿಕಾರ ಯಾರದೆಂದು ತಿಳಿಯದ ಪ್ಯಾರಿಸ್ಸಿನ ಸ್ಥಿತಿ ಇಲ್ಲಿರಲಿಲ್ಲ. ಈ ಎರಡನ್ನೂ ಬರೆಯಿರಿ, ಸ್ವಭಾವದ ಮಾತು ಬೇಡ.

ಇನ್ನು ನಾಂತ್ ಪಟ್ಟಣದ ಅಧ್ಯಾಯ. ಲುವಾರ್ ನದಿಯಲ್ಲಿ ಕೈದಿಗಳನ್ನು ಮುಳುಗಿಸಿದ, ಕ್ರಾಂತಿ ಸರ್ಕಾರದ ಪ್ರತಿನಿಧಿ ಕ್ಯಾರಿಯೇಯನ್ನು ರಾಕ್ಷಸ ಎಂದು ಕರೆದು ಮುಗಿಸಿದ್ದೀರಿ. ಅವನೂ 1794ರ ಡಿಸೆಂಬರಿನಲ್ಲಿ ಗಿಲೋಟಿನ್ನಿಗೇ ಹೋದ, ದೇಶವಾಳುತ್ತಿದ್ದ ಶಾಸನಸಭೆ ಕನ್ವೆನ್ಶನ್‌ಗೆ ಎಲ್ಲವೂ ಗೊತ್ತಿತ್ತು ಎಂದು ವಾದಿಸುತ್ತ. ಮೊದಲ ಸಲ ಮುಳುಗಿಸಿದ್ದು ತೊಂಬತ್ತರಷ್ಟು ಪಾದ್ರಿಗಳನ್ನು. ಆ ದೋಣಿಗೆ ನೀರು ನುಗ್ಗುವಂತೆ ಬಡಗಿಗಳು ಮೊದಲೇ ಕಿಂಡಿ ಕೊರೆದಿದ್ದರು. ಒಂದು ದೋಣಿ ಸಜ್ಜಾಗಲು ಎಷ್ಟು ಕೈ ಬೇಕೆಂಬುದು ಕರಾವಳಿಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಅಧ್ಯಾಯವನ್ನು ಬಡಗಿಗಳಿಂದ ಆರಂಭಿಸಿ ಮತ್ತೆ ಬರೆದು, ದೀಪಾವಳಿಯೊಳಗೆ ಕಳುಹಿಸಿ.

ನಿಮ್ಮ ಹಿತೈಷಿ