ಮಳೆಗಾಲಕ್ಕೆ ಮೊದಲೇ ಆಂಟೆನಾ ಪಾಠ ಆಗಲಿ

ಮಾನ್ಯರೆ,

ಡಿಶ್ ಬಂದ ಮೇಲೆ ನಮ್ಮ ಕಡೆ ಹೆಂಚಿನ ಮೇಲಿದ್ದ ಟಿವಿ ಆಂಟೆನಾಗಳೆಲ್ಲ ಗುಜರಿಗೆ ಹೋದವು. ನಾಪೋಕ್ಲು ಸುತ್ತಮುತ್ತ ಬಹಳ ಕಾಲ ರೇಡಿಯೊ, ಟಿವಿ ರಿಪೇರಿ ಮಾಡಿದವನು ನಾನು. ಅವುಗಳ ಜೊತೆ ಅವನ್ನು ಮಾಡುವ ವಿದ್ಯೆಯೂ ಹೋಗುತ್ತಿದೆಯಲ್ಲ ಅಂತ ಸಂಕಟವಾಗುತ್ತದೆ.

ಕೊಡಗಿನ ಮಳೆ ಗೊತ್ತೇ ಇದೆ. ಕರೆಂಟ್ ಹೋದರೆ ಟವರಿನ ಬ್ಯಾಟರಿ ಮುಗಿಯುತ್ತದೆ, ಫೋನ್ ಸತ್ತುಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ನೋಡಿದೆವಲ್ವಾ? ಆಗ ಸೆಲ್ ಹಾಕಿದ ರೇಡಿಯೊ ಒಂದೇ ದಿಕ್ಕು. ಆದರೆ ಬೆಟ್ಟದ ಮರೆಯ ಮನೆಗಳಲ್ಲಿ ಆಕಾಶವಾಣಿ ಮಡಿಕೇರಿಯ ಎಫ್‌ಎಂ 103.1 ಬರೀ ಗೊರಗೊರ ಅನ್ನುತ್ತದೆ.

ಇದಕ್ಕೆ ಯಾಗಿ-ಉಡಾ ಆಂಟೆನಾ ಸಾಕು, ಅಂದರೆ ಹಳೇ ಟಿವಿಗೆ ಹಾಕುತ್ತಿದ್ದಂಥ, ಒಂದು ಕೋಲಿನ ಮೇಲೆ ಲೋಹದ ಕಡ್ಡಿಗಳನ್ನು ಸಾಲಾಗಿ ಕೂರಿಸಿದ ಆಂಟೆನಾ. 1926ರಲ್ಲಿ ಜಪಾನಿನಲ್ಲಿ ಹುಟ್ಟಿದ್ದು. ಅದರಲ್ಲಿ ರೇಡಿಯೊಗೆ ಹೋಗುವ ವೈರ್ ಇರುವುದು ಒಂದೇ ಕಡ್ಡಿಗೆ. ಉಳಿದವೂ ಸುಮ್ನೆ ನಿಂತಿರುವುದಿಲ್ಲ. ತರಂಗ ತಾಗಿದಾಗ ಪ್ರತಿ ಕಡ್ಡಿಯಲ್ಲೂ ಸಣ್ಣ ಕರೆಂಟ್ ಹರಿದು, ಕಡ್ಡಿಯೇ ತರಂಗವನ್ನು ಮತ್ತೆ ಚೆಲ್ಲುತ್ತದೆ. ಮುಂದಿನ ಕಡ್ಡಿಗಳು ತುಸು ಗಿಡ್ಡ, ಹಿಂದಿನದು ತುಸು ಉದ್ದ. ಆ ಅಳತೆಯಿಂದಲೇ, ಮುಂದಿನಿಂದ ಬಂದದ್ದು ವೈರಿನ ಕಡ್ಡಿಯಲ್ಲಿ ಒಟ್ಟುಗೂಡಿ ಜೋರಾಗುತ್ತದೆ, ಹಿಂದಿನಿಂದ ಬಂದದ್ದು ಬಹುಪಾಲು ತಮ್ಮತಮ್ಮಲ್ಲೇ ಅಳಿಸಿಹೋಗುತ್ತದೆ. ಸಾಲಾಗಿ ನಿಂತ ಗಿಡ್ಡ ಕಡ್ಡಿಗಳು ತರಂಗದ ಓಟ ಸ್ವಲ್ಪ ತಗ್ಗಿಸಿ, ತಮ್ಮ ಗುಂಟ ಕರೆದು ತರುತ್ತವೆ. ಎಷ್ಟು ಚಂದದ ಕೆಲಸ!

ಹಳೇ ಟಿವಿ ಆಂಟೆನಾವನ್ನೇ ಹಾಕಿದರೆ ಆಗದು, ಅದರ ಅಳತೆ ಬೇರೆ. 103.1ರ ತರಂಗದ ಉದ್ದ ಸುಮಾರು 2.91 ಮೀಟರ್. ವೈರಿನ ಕಡ್ಡಿ ಅದರ ಅರ್ಧಕ್ಕಿಂತ ಚೂರು ಕಮ್ಮಿ, ಸುಮಾರು 1.38 ಮೀಟರ್. ಹಿಂದಿನದು 1.45, ಮುಂದಿನದು 1.30, ನಡುವೆ 58 ಸೆಂಟಿಮೀಟರ್ ಅಂತರ. ಕಡ್ಡಿಗೆ ಬಳಸುವ ಪೈಪಿನ ದಪ್ಪ ನೋಡಿ ಕೊಂಚ ತಿದ್ದಬೇಕು. ಕಟ್ಟಿ, ನಿಧಾನ ತಿರುಗಿಸುತ್ತಾ ಹೋಗಿ. ಒಂದು ದಿಕ್ಕಿಗೆ ಬಂದಾಗ ಗೊರಗೊರ ಇಳಿದು ಮಾತು ಸ್ಪಷ್ಟವಾಗುತ್ತದೆ. ಇದಕ್ಕೆ ಕರೆಂಟೂ ಬೇಡ. ಲೈಸೆನ್ಸ್ ಇಲ್ಲದ ಫೋನ್ ಬೂಸ್ಟರ್ ಹಾಕಿ ಅಕ್ಕಪಕ್ಕದವರ ನೆಟ್‌ವರ್ಕ್ ಕೆಡಿಸುವುದಕ್ಕಿಂತ ಇದು ಎಷ್ಟೋ ಮೇಲು.

ಪಿಯುಸಿ ಮಕ್ಕಳು ತರಂಗಗಳ ಪಾಠ ಓದುತ್ತಾರೆ. ಜೂನ್‌ಗೆ ಮೊದಲು ಅವರ ಕೈಯಲ್ಲೇ ಒಂದೊಂದು ಆಂಟೆನಾ ಕಟ್ಟಿಸಲಿ. ಪಂಚಾಯಿತಿಗಳು ಪೈಪಿನ ಖರ್ಚು ಕೊಡಲಿ. ಕಲಿಸಲು ನಾನು ಬರುತ್ತೇನೆ. ಕಂಬ ಮಾತ್ರ ಕರೆಂಟ್ ತಂತಿಯಿಂದ ದೂರವಿರಲಿ, ಗುಡುಗು ಶುರುವಾಗುವ ಮುಂಚೆಯೇ ರೇಡಿಯೊದಿಂದ ವೈರ್ ಬಿಚ್ಚಿಡಿ.

– ಹಳೇ ರೇಡಿಯೊ ಮೆಕ್ಯಾನಿಕ್, ನಾಪೋಕ್ಲು